ಅಧ್ಯಕ್ಷಗಿರಿಯ 30 ತಿಂಗಳು ಮುಗಿಯಿತು: ಊರಿಗೂ ಅಂಗಡಿಯವರಿಗೂ ಕೃತಜ್ಞತೆ

ಪಟ್ಟಣ ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು. ಐದು ವರ್ಷದ ಕೌನ್ಸಿಲಿನಲ್ಲಿ ಸರಿಯಾಗಿ ಅರ್ಧ. ನನ್ನ ಪಾಲಿನದು ಈ ವಾರ ಮುಗಿಯಿತು. ಸನ್ಮಾನ, ಹಾರ, ಫ್ಲೆಕ್ಸ್ ಬೇಡ ಎಂದು ಸದಸ್ಯರನ್ನು ಕೇಳಿಕೊಂಡಿದ್ದೆ. ಒಪ್ಪಿದ್ದಕ್ಕೆ ಅವರಿಗೆ ಮೊದಲ ನಮಸ್ಕಾರ. ‘ಎಲ್ಲರಿಗೂ ಧನ್ಯವಾದ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಯಾರಿಗೂ ಹೇಳಿದಂತಾಗುವುದಿಲ್ಲ. ಯಾರು ಯಾವ ಕೆಲಸವನ್ನು ಹೇಗೆ ಮಾಡುತ್ತಾರೆ ಎಂದು ಬಿಡಿಸಿಯೇ ಬರೆಯುತ್ತೇನೆ. ಮುಂದೆ ಆ ಕುರ್ಚಿಯಲ್ಲಿ ಕೂರುವವರಿಗೂ ಅನುಕೂಲವಾದೀತು.

ಮೊದಲು ನೀರು ಬಿಡುವವರು: ಜಾಕ್‌ವೆಲ್ (ಹೊಳೆ ನೀರೆತ್ತುವ ಪಂಪಿನ ಬಾವಿ) ಮತ್ತು ಶುದ್ಧೀಕರಣ ಘಟಕದ ಸಿಬ್ಬಂದಿ, ವಾಲ್ವ್‌ಮನ್‌ಗಳು. ಮೃಗಶಿರ ಮಳೆ ಹಿಡಿಯಿತೆಂದರೆ ತುಂಗೆ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತಾಳೆ. ಎಲೆ, ಕಡ್ಡಿ, ಕೊಚ್ಚಿಬಂದ ಬಳ್ಳಿ ಎಲ್ಲ ಜಾಲರಿಗೆ ಬಂದು ಕೂರುತ್ತವೆ. ಜಾಲರಿ ಕಟ್ಟಿದರೆ ಪಂಪು ನೀರಿಲ್ಲದೆ ತಿರುಗಿ ಬಿಸಿಯಾಗುತ್ತದೆ. ಹಾಗಾಗಿ ಅಮ್ಮೀಟರಿನ ಮುಳ್ಳು ಎಂದಿಗಿಂತ ಕೆಳಗಿಳಿದ ಕೂಡಲೇ ಮೋಟಾರ್ ನಿಲ್ಲಿಸಿ ಜಾಲರಿ ಬಿಡಿಸಬೇಕು. ಮಳೆಗಾಲದಲ್ಲಿ ಮೂರು ಫೇಸಿನಲ್ಲಿ ಒಂದು ಹೋಗುವುದು ನಮ್ಮ ಕಡೆ ಮಾಮೂಲು. ಸಿಂಗಲ್ ಫೇಸಿಂಗ್ (ಒಂದು ಫೇಸ್ ಇಲ್ಲದೆ ಮೋಟಾರ್ ಓಡುವುದು) ತಡೆಯುವ ರಿಲೇ ಸರಿಯಿದ್ದರೆ ಮೋಟಾರ್ ತಾನೇ ನಿಲ್ಲುತ್ತದೆ. ಪದೇಪದೇ ಟ್ರಿಪ್ ಆಗುತ್ತದೆಂದು ಆ ರಿಲೇಯನ್ನು ಬೈಪಾಸ್ ಮಾಡಿದರೆ ವೈಂಡಿಂಗ್ ಸುಡುತ್ತದೆ, ಊರು ದಿನಗಟ್ಟಲೆ ಟ್ಯಾಂಕರ್ ಕಾಯುತ್ತದೆ. ನಮ್ಮ ಆಪರೇಟರುಗಳು ಎಂಥ ಒತ್ತಡ ಬಂದರೂ ಅದಕ್ಕೆ ಕೈ ಹಾಕಲಿಲ್ಲ.

ಕೆಂಪು ನೀರಿಗೆ ಮಣ್ಣು ಇಳಿಸುವ ಆಲಂ (ಪಟಿಕ) ಎಷ್ಟು ಎಂಬುದಕ್ಕೆ ಖಾಯಂ ಲೆಕ್ಕ ಇಲ್ಲ. ಸಾಲಾಗಿ ಇಟ್ಟ ಜಾರುಗಳಲ್ಲಿ ಹೊಳೆ ನೀರು ತುಂಬಿ, ಒಂದೊಂದಕ್ಕೂ ಬೇರೆ ಪ್ರಮಾಣದ ಆಲಂ ಬಿಟ್ಟು, ಮೊದಲು ಜೋರಾಗಿ, ಆಮೇಲೆ ನಿಧಾನಕ್ಕೆ ಕಲಕಿ, ಅರ್ಧ ಗಂಟೆ ಬಿಡಬೇಕು. ಎಲ್ಲಕ್ಕಿಂತ ಕಡಿಮೆ ಆಲಂನಲ್ಲಿ ತಿಳಿಯಾದ ಜಾರೇ ಆ ದಿನದ ಲೆಕ್ಕ. ಮಲೆನಾಡಿನ ಹೊಳೆಗಳದ್ದು ಮೆದು ನೀರು, ಕ್ಷಾರ ಕಡಿಮೆ. ಆಲಂ ಕೆಲಸ ಮಾಡಬೇಕಾದರೆ ಕ್ಷಾರ ಬೇಕು. ಕೆಂಪು ಹೆಚ್ಚಾಯಿತೆಂದು ಬರೀ ಆಲಂ ಸುರಿಯುತ್ತಾ ಹೋದರೆ ಗಸಿ ಕಟ್ಟುವುದಿಲ್ಲ, ನೀರು ಆಮ್ಲೀಯವಾಗಿ ಕಬ್ಬಿಣದ ಪೈಪನ್ನೂ ತಿನ್ನುತ್ತದೆ. ಜೊತೆಗೆ ಸುಣ್ಣದ ತಿಳಿ ಬಿಟ್ಟಾಗಲೇ ಮಣ್ಣು ಹತ್ತಿಯಂತೆ ಗಂಟುಕಟ್ಟಿ ಕೆಳಗಿಳಿಯುವುದು.

ಬ್ಲೀಚಿಂಗ್ ಪುಡಿಯದೂ ಇಷ್ಟೇ ಸೂಕ್ಷ್ಮ. ಒಳ್ಳೆಯ ಪುಡಿಯಲ್ಲಿ ಶೇ 33ರಷ್ಟು ಕ್ಲೋರಿನ್ ಇರುತ್ತದೆ. 1 ಲಕ್ಷ ಲೀಟರ್ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 200 ಗ್ರಾಂ ಕ್ಲೋರಿನ್ ಬೇಕು, ಅಂದರೆ ಸುಮಾರು 600 ಗ್ರಾಂ ಪುಡಿ. ಇದು ಕಾಗದದ ಲೆಕ್ಕ. ನಮ್ಮ ಮಳೆಗಾಲದ ಶೀತಕ್ಕೆ ಬಾಯಿ ಬಿಚ್ಚಿದ ಚೀಲ ಕೆಲವೇ ದಿನಗಳಲ್ಲಿ ಗಂಟಾಗಿ ಸತ್ವ ಕಳೆದುಕೊಳ್ಳುತ್ತದೆ. ಆಗ 600 ಗ್ರಾಂ ಹಾಕಿದರೂ ಹಾಕದಂತೆಯೇ. ಘಟಕದವರು ಪುಡಿಯನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು, ಡ್ರಮ್ಮನ್ನು ನೆಲ ಬಿಟ್ಟು ಹಲಗೆಯ ಮೇಲೆ ಇಡುವ ಪದ್ಧತಿ ಮಾಡಿಕೊಂಡರು. ಬಕೆಟ್ಟಿನಲ್ಲಿ ಪುಡಿಯನ್ನು ಹಿಟ್ಟು ಕಲಸಿದ ಹಾಗೆ ಕಲಸಿ, ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಬಿಡುತ್ತಾರೆ. ಕೆಳಗಿನ ಸುಣ್ಣದ ಗಸಿ ಹೊರಗೆ. ಅರ್ಧ ಗಂಟೆಯಾದ ಮೇಲೆಯೇ ಊರಿಗೆ ನೀರು. ಪರೀಕ್ಷೆ ಟ್ಯಾಂಕಿನ ಬುಡದಲ್ಲಿ ಮಾಡಿ ಪ್ರಯೋಜನ ಇಲ್ಲ. ಪೈಪಿನ ತೀರಾ ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಹಿಡಿದು, ಮಳೆಯಲ್ಲಿ ನೆನೆದುಕೊಂಡು ಆ ಕೊನೆಯ ಮನೆಗೆ ಹೋಗಿ, ಹನಿ ಬಿಟ್ಟು ಹಳದಿ ಬಣ್ಣ ಹೋಲಿಸಿ ನೋಡಿ ಬರುತ್ತಿದ್ದ ಹುಡುಗನಿಗೆ ಇಡೀ ಊರು ಋಣಿ.

ವಾಲ್ವ್‌ಮನ್‌ಗಳ ಕೆಲಸ ಹೊರಗಿನವರಿಗೆ ಕೀಲಿ ತಿರುಗಿಸುವುದಷ್ಟೇ ಅನ್ನಿಸಬಹುದು. ಖಾಲಿ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ವಾಲ್ವನ್ನು ಒಂದೇ ಸಲ ಪೂರ್ತಿ ತೆರೆದರೆ ಗಾಳಿ ಹೊರಹೋಗುವ ಮೊದಲೇ ನೀರು ನುಗ್ಗಿ ಎಲ್ಲಾದರೊಂದು ಜಾಯಿಂಟು ಹಾರುತ್ತದೆ. ಎರಡು ಸುತ್ತು ತೆರೆದು, ನಿಂತು, ನೀರಿನ ಸದ್ದು ಕೇಳಿ ಮತ್ತೆ ಎರಡು ಸುತ್ತು. ಊರು ಏರು ತಗ್ಗಿನಲ್ಲಿರುವುದರಿಂದ ತಗ್ಗಿನ ಬೀದಿಯ ವಾಲ್ವನ್ನು ಅರ್ಧ ಹಿಡಿದರೆ ಮಾತ್ರ ಗುಡ್ಡದ ಮೇಲಿನ ಮನೆಗಳಿಗೆ ನೀರು ಏರುವುದು. ಯಾವ ವಾಲ್ವು ಎಷ್ಟು ಸುತ್ತು ಎಂಬುದು ಇವರ ನೆನಪಿನಲ್ಲಿ ಮಾತ್ರ ಇತ್ತು. ಅವರನ್ನು ಕೂರಿಸಿಕೊಂಡು ಅದನ್ನೆಲ್ಲ ನಕ್ಷೆಗೆ ಇಳಿಸಿಕೊಟ್ಟ ಇಂಜಿನಿಯರರಿಗೂ ವಂದನೆ.

ಪೌರಕಾರ್ಮಿಕರ ಬಗ್ಗೆ ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ಎಲ್ಲರೂ ಮಾತಾಡುತ್ತೇವೆ. ನಾನು ಮೇ ತಿಂಗಳ ಕೆಲಸದ ಬಗ್ಗೆ ಹೇಳಬೇಕು. ಚರಂಡಿಯ ಹೂಳು ತೆಗೆಯುವುದು ತಗ್ಗಿನ ಕಡೆಯಿಂದ ಶುರುವಾಗಬೇಕು, ಮೊದಲು ಹೊಳೆಗೆ ಸೇರುವ ಬಾಯಿ ಬಿಡಿಸಬೇಕು. ಮೇಲಿನಿಂದ ಶುರು ಮಾಡಿದರೆ ನಡುವೆ ಒಂದು ಅಡ್ಡಮಳೆ ಬಂದರೂ ಸಡಿಲಾದ ಹೂಳೆಲ್ಲ ಕೆಳಗಿನ ಮೋರಿಗೆ ಹೋಗಿ ಗಟ್ಟಿಯಾಗುತ್ತದೆ. ತೆಗೆದ ಹೂಳನ್ನು ದಡದಲ್ಲೇ ಬಿಟ್ಟರೆ ಮೊದಲ ಮಳೆಗೇ ವಾಪಸ್ ಚರಂಡಿಗೆ. ಆದ್ದರಿಂದ ನೀರು ಬಸಿಯುತ್ತಲೇ ಸಾಗಿಸಬೇಕು. ಇದನ್ನು ಹೇಳಿಕೊಟ್ಟವರು ಪೌರಕಾರ್ಮಿಕರೇ. ಗುತ್ತಿಗೆಯ ಷರತ್ತಿನಲ್ಲಿ ‘ತೆಗೆಯುವುದು’ ಎಂದಷ್ಟೇ ಇದ್ದಲ್ಲಿ ‘ತೆಗೆದು ಸಾಗಿಸುವುದು’ ಎಂದು ಸೇರಿಸಿದ್ದು ಅವರ ಮಾತಿನಿಂದ. 700 ಜನಸಂಖ್ಯೆಗೆ ಒಬ್ಬರು ಎಂಬ ನಿಯಮ ಇದ್ದರೂ ಖಾಲಿ ಹುದ್ದೆಗಳ ಭಾರವನ್ನು ಇದ್ದವರೇ ಹೊತ್ತರು. ಗಂಬೂಟು, ಕೈಗವಸು ಹರಿದ ದಿನವೇ ಬದಲಿ ಸಿಗುವಂತೆ ನೋಡಿಕೊಳ್ಳುವುದು ಮುಂದಿನವರ ಕರ್ತವ್ಯ.

ಇನ್ನು ನನ್ನ ಅಂಗಡಿ. ಹಾರ್ಡ್‌ವೇರ್ ಮತ್ತು ಕೃಷಿ ಸಾಮಗ್ರಿ ಮಾರುವವನಿಗೆ ಅಧ್ಯಕ್ಷಗಿರಿ ಬಂದರೆ ಮೊದಲು ಮಾಡಬೇಕಾದ್ದು ಅಂಗಡಿಯಲ್ಲಿರುವ ಪಂಚಾಯಿತಿಯ ಖಾತೆ ಮುಚ್ಚುವುದು. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಪ್ರಕಾರ ಪಂಚಾಯಿತಿಯ ಗುತ್ತಿಗೆಯಲ್ಲಿ ಸದಸ್ಯನಿಗೆ ನೇರವಾಗಿಯೋ ಪಾಲುದಾರರ ಮೂಲಕವೋ ಹಿತಾಸಕ್ತಿ ಇದ್ದರೆ ಸದಸ್ಯತ್ವಕ್ಕೇ ಕುತ್ತು. ಪೈಪು, ಬೆಂಡು, ಬ್ಲೀಚಿಂಗ್ ಯಾವುದಕ್ಕೂ ನಮ್ಮಂಗಡಿಯಿಂದ ಕೊಟೇಶನ್ ಹೋಗಲಿಲ್ಲ. ಆ ಜಾಗ ತುಂಬಿದ ಪೇಟೆಯ ಉಳಿದ ವ್ಯಾಪಾರಿಗಳಿಗೆ ವಿಶೇಷ ಕೃತಜ್ಞತೆ. ಮುಖ್ಯ ಪೈಪು ಒಡೆದ ರಾತ್ರಿಗಳಲ್ಲಿ ಶಟರ್ ತೆರೆದು ಸಾಮಾನು ಕೊಟ್ಟಿದ್ದೀರಿ. ಒದ್ದೆ ಪೈಪಿಗೆ ಸಾಲ್ವೆಂಟ್ (ಪೈಪು ಅಂಟಿಸುವ ಗೋಂದು) ಹಿಡಿಯುವುದಿಲ್ಲವಾದ್ದರಿಂದ, ಮಳೆಗಾಲದ ರಿಪೇರಿಗೆ ರಬ್ಬರ್ ರಿಂಗಿನ ಕಪ್ಲಿಂಗ್‌ಗಳನ್ನು ಮೊದಲೇ ತರಿಸಿಟ್ಟ ನಿಮ್ಮ ಮುಂದಾಲೋಚನೆ ದೊಡ್ಡದು.

ಅಂಗಡಿಯ ಹುಡುಗರು, ಮನೆಯವರು ಹೊತ್ತ ಭಾರ ಬೇರೆಯೇ. ಪಂಚಾಯಿತಿಗೆ ಮಳೆಗಾಲದ ತಯಾರಿ ಎಂಬ ಮೇ–ಜೂನ್ ತಿಂಗಳೇ ಅಡಿಕೆ ತೋಟದವರಿಗೆ ಕೊಳೆ ರೋಗದ ಔಷಧಿಯ ಕಾಲ. ಆ ಔಷಧಿಯೇ ಬೋರ್ಡೋ ದ್ರಾವಣ; ಶೇ 1ರದಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕತ್ತಿಯ ಅಲಗು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಕಾಯಿ ಸುಡುತ್ತದೆ. ಹಳೇ ಸುಣ್ಣ ಗಾಳಿ ಕುಡಿದು ಶಕ್ತಿ ಕಳೆದುಕೊಂಡಿರುವುದರಿಂದ ತೂಕ ಸರಿಯಿದ್ದರೂ ಈ ತೊಂದರೆ ಬರುತ್ತದೆ. ಕೌಂಟರಿನ ಮುಂದೆ ಸಾಲು ನಿಂತಾಗಲೂ ಹೊಸದಾಗಿ ತೋಟ ಮಾಡಿದವರಿಗೆ ಇದಿಷ್ಟನ್ನೂ ತಾಳ್ಮೆಯಿಂದ ಹೇಳಿ, 40–45 ದಿನಕ್ಕೆ ಎರಡನೇ ಸಲ ಹೊಡೆಯಬೇಕೆಂದು ಚೀಟಿಯಲ್ಲಿ ದಿನಾಂಕ ಬರೆದು ಕೊಟ್ಟವರು ನಮ್ಮ ಹುಡುಗರು. ತಿಂಗಳ 11ರ ಮತ್ತು 20ರ ಜಿಎಸ್‌ಟಿ ರಿಟರ್ನ್‌ಗಳನ್ನು ಮನೆಯವರು ಒಮ್ಮೆಯೂ ತಪ್ಪಿಸಲಿಲ್ಲ. ಅಂಗಡಿ ನಿಂತುಹೋಗಿದ್ದರೆ ನಾನು ಪಂಚಾಯಿತಿಯಲ್ಲಿ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ.

ತೆರಿಗೆ ಕಟ್ಟಿದವರಿಗೂ ಕೈಮುಗಿಯುತ್ತೇನೆ. ಕೇಂದ್ರದ 15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದಾಗಿತ್ತು. ಬೀದಿದೀಪ, ಕುಸಿದ ತಡೆಗೋಡೆ ಎಂದು ತುರ್ತಿಗೆ ಒದಗುವುದು ಮುಖ್ಯವಾಗಿ ಊರಿನ ಸ್ವಂತ ಆದಾಯ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ, ಜುಲೈಯಿಂದ ತಿಂಗಳಿಗೆ ಶೇ 2 ದಂಡ. ಏಪ್ರಿಲ್‌ನಲ್ಲೇ ಕಟ್ಟಿದವರ ಹಣ ಮೇ ತಿಂಗಳ ಹೂಳಿನ ಕೆಲಸಕ್ಕೆ ಆಯಿತು. ಮನೆಮನೆಗೆ ತಿರುಗಿದ ಕರ ವಸೂಲಿಗಾರರಿಗೂ, ಟೀಕೆ ಮಾಡಿದರೂ ಸಭೆಗೆ ತಪ್ಪದೆ ಬಂದ ವಿರೋಧ ಪಕ್ಷದ ಸದಸ್ಯರಿಗೂ ನನ್ನ ಗೌರವ.

ವಾಲ್ವ್ ನಕ್ಷೆಯ ಒಂದು ಪ್ರತಿ ಮುಖ್ಯಾಧಿಕಾರಿಯವರಲ್ಲಿದೆ, ಇನ್ನೊಂದು ಲ್ಯಾಮಿನೇಟ್ ಮಾಡಿ ಜಾಕ್‌ವೆಲ್ ಗೋಡೆಗೆ ಹಾಕಿದೆ. ಬಾಕಿ ಕೆಲಸಗಳ ಪಟ್ಟಿಯನ್ನು ಹೊಸ ಅಧ್ಯಕ್ಷರಿಗೆ ಕೊಟ್ಟಿದ್ದೇನೆ. ಅಂಗಡಿಗೆ ಬಂದು ಪಂಚಾಯಿತಿ ವಿಚಾರ ಕೇಳಿದರೆ ಗೊತ್ತಿದ್ದಷ್ಟು ಹೇಳುತ್ತೇನೆ; ಅರ್ಜಿಯನ್ನು ಮಾತ್ರ ಕಚೇರಿಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ.