ಹಲಗೆ, ಗೆರಟೆ, ಹಗ್ಗ: ನಮ್ಮ ಎಲ್.ಪಿ. ಶಾಲೆಗೆ ದೇಣಿಗೆ ಮನವಿ

ಊರಿನ ಹಾಗೂ ಪರವೂರಿನ ಹಿತೈಷಿಗಳೇ,

ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳನಾಡಿನಲ್ಲಿರುವ ನಮ್ಮ ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಒಂದರಿಂದ ನಾಲ್ಕನೇ ತರಗತಿಯ ವರೆಗೆ 64 ಮಕ್ಕಳಿದ್ದಾರೆ, ತರಗತಿಗೆ 16ರಂತೆ. ಬರುವ ಜೂನ್‌ನಿಂದ ಮಾರ್ಚ್ ವರೆಗೆ ಇವರೆಲ್ಲರಿಗೂ ನಾಯಕತ್ವ ಮತ್ತು ಬದುಕಿನ ಕೌಶಲ್ಯಗಳನ್ನು ಕಲಿಸಲು 72,000 ರೂಪಾಯಿ ಬೇಕಾಗಿದೆ. "ನಾಯಕತ್ವ ತರಬೇತಿ" ಎಂದೊಡನೆ ಬ್ಯಾನರು, ಮೈಕು, ಅರ್ಧ ದಿನದ ಭಾಷಣ, ಸಂಜೆಗೆ ಪ್ರಮಾಣಪತ್ರ ಕಣ್ಣಮುಂದೆ ಬರುವುದು ಸಹಜ. ಅಂಥದ್ದಕ್ಕೆ ಇದರಲ್ಲಿ ಒಂದು ರೂಪಾಯಿಯನ್ನೂ ಇಟ್ಟಿಲ್ಲ. ಆದ್ದರಿಂದ ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ ಎಂದು ಬಿಡಿಸಿ ಹೇಳಿಯೇ ಕೇಳುತ್ತಿದ್ದೇವೆ.

ಆರೇಳು ವರ್ಷದ ಮಗುವಿನ ಮಟ್ಟಿಗೆ ನಾಯಕತ್ವ ಅಂದರೆ ಇಷ್ಟೇ: ಈ ಕೆಲಸ ನನ್ನದು, ನಾನು ಮಾಡದಿದ್ದರೆ ಉಳಿದವರಿಗೆ ತೊಂದರೆ ಎಂಬುದು ಗೊತ್ತಿರುವುದು. ತರಗತಿಗೊಬ್ಬ ಲೀಡರನ್ನು ಆರಿಸುವುದರಿಂದ ಇದು ಬರುವುದಿಲ್ಲ. ಆರಿಸುವಾಗ ಕಣ್ಣಿಗೆ ಬೀಳುವುದು ಸ್ಪಷ್ಟ ಕನ್ನಡ ಮಾತನಾಡುವ, ಅಂಕ ಚೆನ್ನಾಗಿರುವ ಮಗು. ನಾಲ್ಕು ವರ್ಷವೂ ಅದೇ ಮಗು. ಅದಕ್ಕೆ ಸಿಗುವ ಕೆಲಸವಾದರೂ ಏನು? ಟೀಚರು ಇಲ್ಲದಾಗ ಮಾತನಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವುದು. ಅದು ಪೊಲೀಸು ಕೆಲಸ. ಉಳಿದ ಹದಿನೈದು ಮಕ್ಕಳು ಕಲಿಯುವುದು ಸುಮ್ಮನಿರುವುದನ್ನು ಅಥವಾ ಆ ಮಗುವಿನ ಕೈಕಾಲು ಹಿಡಿಯುವುದನ್ನು. ನಮ್ಮ ಕಾರ್ಯಕ್ರಮದ ಮೊದಲ ನಿಯಮವೇ ಒಂದು ಮಗು ಇನ್ನೊಂದು ಮಗುವಿನ ಹೆಸರು ಬರೆಯಬಾರದು ಎಂಬುದು.

ಲೀಡರಿನ ಬದಲು ಪ್ರತಿ ತರಗತಿಗೆ ಒಂದು ಕೆಲಸದ ಹಲಗೆ. ಪ್ಲೈವುಡ್ಡಿನ ಮೇಲೆ ಎಂಟು ಕೆಲಸದ ಚಿತ್ರ, ಪ್ರತಿ ಚಿತ್ರದ ಕೆಳಗೆ ಎರಡು ಕೊಕ್ಕೆ, ಹೆಸರಿನ ಬಿಲ್ಲೆ 16. ಕುಡಿಯುವ ನೀರು, ಚಪ್ಪಲಿ ಸಾಲು, ಪುಸ್ತಕದ ಕಪಾಟು, ಗಿಡಗಳು, ಊಟದ ಲೆಕ್ಕ, ಮಳೆಯ ಲೆಕ್ಕ, ಬಂದವರನ್ನು ಮಾತನಾಡಿಸುವುದು, ದುಭಾಷಿ. ಸೋಮವಾರ ಬೆಳಿಗ್ಗೆ ಬಿಲ್ಲೆಗಳು ಒಂದು ಚಿತ್ರ ಮುಂದಕ್ಕೆ ಸರಿಯುತ್ತವೆ. ಎಂಟು ವಾರಕ್ಕೆ ಒಂದು ಸುತ್ತು. ಮೂವತ್ತು ವಾರದಲ್ಲಿ ಮೂರು ಸುತ್ತು ಪೂರ್ತಿಯಾಗಿ ನಾಲ್ಕನೆಯದು ಮುಕ್ಕಾಲು ಭಾಗ ಆಗುತ್ತದೆ. ಒಂದು ದಿನದ ಪಾಳಿಯಲ್ಲಿ ಕೆಲಸ ಕೈಗೆ ಹತ್ತುವ ಮೊದಲೇ ಬದಲಾಗುತ್ತದೆ, ತಿಂಗಳ ಪಾಳಿಯಾದರೆ ಎರಡನೇ ವಾರಕ್ಕೇ ಸಾಕಾಗುತ್ತದೆ. ಬಿಲ್ಲೆ ಸರಿಸುವುದು ಹಲಗೆಯ ಕ್ರಮದಲ್ಲೇ, ಟೀಚರರ ಆಯ್ಕೆಯಲ್ಲಿ ಅಲ್ಲ. ಆಯ್ಕೆಗೆ ಬಿಟ್ಟರೆ ಯಾರೂ ಬೇಕೆಂದು ಮಾಡದಿದ್ದರೂ ಹುಡುಗಿಯರ ಕೈಗೆ ಹಿಡಿಸೂಡಿ, ಹುಡುಗರ ಕೈಗೆ ಗಂಟೆ ಬಂದುಬಿಡುತ್ತದೆ.

ಕೆಲಸ ಸುಳ್ಳು ಕೆಲಸ ಆಗಿರಬಾರದು. ಮಾಡಿದರೂ ಬಿಟ್ಟರೂ ಏನೂ ಆಗದ ಕೆಲಸವನ್ನು ಮಕ್ಕಳು ಮೂರೇ ದಿನಕ್ಕೆ ಪತ್ತೆಹಚ್ಚುತ್ತಾರೆ. ಊಟದ ಲೆಕ್ಕ ನೋಡಿ: ಮಧ್ಯಾಹ್ನದ ಊಟಕ್ಕೆ ಪ್ರಾಥಮಿಕ ತರಗತಿಯ ಒಂದು ಮಗುವಿಗೆ 100 ಗ್ರಾಂ ಅಕ್ಕಿ. ಬಾರದಿರುವ ಹತ್ತು ಜನರನ್ನು ಬಂದಿದ್ದಾರೆಂದು ಎಣಿಸಿದರೆ ಅಡುಗೆಯವರು ಒಂದು ಕಿಲೋ ಅಕ್ಕಿ ಹೆಚ್ಚು ಹಾಕುತ್ತಾರೆ. ಎಣಿಕೆ ತಪ್ಪಿದರೆ ಏನಾಗುತ್ತದೆ ಎಂದು ಮಗುವಿಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ, ಮಧ್ಯಾಹ್ನ ಪಾತ್ರೆಯ ತಳವೇ ಹೇಳುತ್ತದೆ.

ಮಳೆಯ ಲೆಕ್ಕ ಈ ಜಿಲ್ಲೆಗೆ ಹೇಳಿ ಮಾಡಿಸಿದ್ದು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬರುವ ಊರಿನ ಮಗು ಅದನ್ನು ಅಳೆಯಲಾರದಿದ್ದರೆ ಹೇಗೆ? ಎರಡು ಲೀಟರಿನ ನೇರ ಬದಿಯ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಆಲಿಕೆಯ ಹಾಗೆ ತಲೆಕೆಳಗಾಗಿ ಕೂರಿಸಬೇಕು. ತಳ ಉಬ್ಬುತಗ್ಗಾಗಿರುವುದರಿಂದ ಕಲ್ಲುಹರಳು ಹಾಕಿ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಿಸಿ ಅಲ್ಲಿ ಸೊನ್ನೆ ಗುರುತಿಸಬೇಕು. ಬಾಯಿಯ ಅಗಲವೂ ಹೊಟ್ಟೆಯ ಅಗಲವೂ ಒಂದೇ ಇದ್ದರೆ ಮಾತ್ರ ಸ್ಕೇಲಿನಲ್ಲಿ ಕಂಡ ಎತ್ತರ ಮಳೆಯ ಅಳತೆಯಾಗುತ್ತದೆ. ಸೊಂಟ ಸಣ್ಣಗಿರುವ ಬಾಟಲಿ ಪ್ರಯೋಜನವಿಲ್ಲ. ಮಾಡಿನ ಅಂಚಿನ ಕೆಳಗೆ ಅಥವಾ ಹಲಸಿನ ಮರದ ಅಡಿಯಲ್ಲಿ ಇಟ್ಟರೆ ಲೆಕ್ಕ ಕೆಡುತ್ತದೆ. ಒಂದನೇ ತರಗತಿಯವರು ಕಾಗದದ ಪಟ್ಟಿಗೆ ಬಣ್ಣ ಹಚ್ಚುತ್ತಾರೆ, ನಾಲ್ಕನೆಯವರು ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಇಲ್ಲಿ ಆಗುವ ದೊಡ್ಡ ತಪ್ಪು ಓದುವುದರಲ್ಲಿ ಅಲ್ಲ, ಅಂಗಳಕ್ಕೆ ಇಳಿಯಲು ಉದಾಸೀನವಾಗಿ ನಿನ್ನೆಯ ಅಂಕಿಯನ್ನೇ ಇವತ್ತೂ ಬರೆಯುವುದರಲ್ಲಿ. ನಾಲ್ಕು ತರಗತಿಗೆ ನಾಲ್ಕು ಬಾಟಲಿ ಇಡುವುದು ಇದಕ್ಕಾಗಿಯೇ. ನಾಲ್ಕು ಅಂಕಿಗಳನ್ನು ಪಕ್ಕಪಕ್ಕ ಬರೆದಾಗ ಯಾವುದು ನೋಡದೆ ಬರೆದದ್ದು ಎಂದು ಮಕ್ಕಳಿಗೇ ಗೊತ್ತಾಗುತ್ತದೆ. ಮಳೆ ನಿಂತ ಮೇಲೆ ಅದೇ ಜೋಡಿಗೆ ನೀರಿನ ಟ್ಯಾಂಕಿಯ ಮಟ್ಟ ನೋಡುವ ಕೆಲಸ. ಮಾರ್ಚ್ ತಿಂಗಳಲ್ಲಿ ಅದಕ್ಕೆ ಮಳೆಗಿಂತಲೂ ಹೆಚ್ಚು ಬೆಲೆ.

ಕೆಲಸ ಕಲಿಸುವ ಕ್ರಮ ನಾಲ್ಕು ಹಂತದ್ದು. ಮಾತಿಲ್ಲದೆ ಒಮ್ಮೆ ಮಾಡಿ ತೋರಿಸುವುದು, ಜೊತೆಗೆ ಮಾಡುವುದು, ಮಗು ಮಾಡುವಾಗ ನೋಡುತ್ತ ನಿಲ್ಲುವುದು, ಆಮೇಲೆ ಅಲ್ಲಿಂದ ಹೋಗಿಬಿಡುವುದು. ಕೊನೆಯದೇ ದೊಡ್ಡವರಿಗೆ ಕಷ್ಟ. ಚಪ್ಪಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದನ್ನು ಕಂಡಾಗ ತಾವೇ ಬಾಗಿ ಸರಿಮಾಡಿದರೆ ಆ ವಾರದ ಪಾಠ ಅಲ್ಲಿಗೆ ಮುಗಿಯಿತು. ಗಂಟೆ ಬಾರಿಸುವ ತನಕ ಕಾದು, "ಏನು ಬಾಕಿ ಉಂಟು?" ಎಂದು ಕೇಳಿದರೆ ಸಾಕು. ಹೊಗಳಿಕೆಗೂ ಒಂದು ಲೆಕ್ಕವಿದೆ. "ಜಾಣ" ಎನ್ನುವುದಕ್ಕಿಂತ "ನೀರಿನ ಪಾತ್ರೆಗೆ ಮುಚ್ಚಳ ಹಾಕಿದ್ದೀ" ಎನ್ನುವುದು ಮೇಲು. ಸ್ಟಾರ್ ಅಂಟಿಸುವ ಕ್ರಮವನ್ನು ಇಟ್ಟುಕೊಂಡಿಲ್ಲ. ಸ್ಟಾರ್ ಮುಗಿದ ದಿನ ಕೆಲಸವೂ ಮುಗಿಯುತ್ತದೆ.

ಇನ್ನು ಸಭೆ. ಗುರುವಾರ ಕೊನೆಯ ಪೀರಿಯಡಿನಲ್ಲಿ 20 ನಿಮಿಷ (ಒಂದನೇ ತರಗತಿಗೆ 10) ಎಲ್ಲರೂ ವೃತ್ತವಾಗಿ ನೆಲದ ಮೇಲೆ ಕೂರುತ್ತಾರೆ, ಟೀಚರೂ ನೆಲದ ಮೇಲೆಯೇ. ಒಂದು ತೆಂಗಿನ ಗೆರಟೆ ಕೈಯಿಂದ ಕೈಗೆ ಹೋಗುತ್ತದೆ. ಗೆರಟೆ ಯಾರ ಕೈಯಲ್ಲಿದೆಯೋ ಅವರದ್ದು ಮಾತು, ಉಳಿದವರದ್ದು ಕಿವಿ. ಮಾತಾಡಲು ಮನಸ್ಸಿಲ್ಲದಿದ್ದರೆ ಗೆರಟೆಯನ್ನು ಮುಂದೆ ದಾಟಿಸಬಹುದು. ಮೊದಲ ಸುತ್ತಿನಲ್ಲಿ ಈ ವಾರ ಯಾರಿಂದ ಉಪಕಾರವಾಯಿತು ಎಂಬ ಮಾತು, ಎರಡರಲ್ಲಿ ಏನು ತೊಂದರೆಯಾಗಿದೆ, ಮೂರರಲ್ಲಿ ಏನು ಮಾಡೋಣ. ಎರಡನೇ ಸುತ್ತಿನಲ್ಲಿ ಹೆಸರು ಹೇಳುವಂತಿಲ್ಲ: "ಅವನು ಚೆಂಡು ಕೊಡುವುದಿಲ್ಲ" ಅಲ್ಲ, "ಚೆಂಡು ಒಂದೇ ಉಂಟು, ಎಲ್ಲರಿಗೂ ಸಿಗುವುದಿಲ್ಲ". ಕೈಯೆತ್ತಿಸಿ ಬಹುಮತಕ್ಕೆ ಹೋಗುವುದನ್ನೂ ಆದಷ್ಟು ತಪ್ಪಿಸುತ್ತೇವೆ. ಏಳು ವರ್ಷದವರ ಬಹುಮತ ಅಂದರೆ ಬಹುಪಾಲು ದೋಸ್ತಿಗಳ ಲೆಕ್ಕ. ಎಲ್ಲರೂ ಒಂದು ವಾರ ಸಹಿಸಬಹುದಾದ ತೀರ್ಮಾನ ಮಾಡಿ, ಮುಂದಿನ ಗುರುವಾರ ಅದು ನಡೆಯಿತೇ ಎಂದು ನೋಡುವುದು ನಮ್ಮ ರೀತಿ. ಮೊದಲ ನಾಲ್ಕೈದು ಸಭೆ ನೀರಸವಾಗಿಯೇ ಇರುತ್ತವೆ. ಆಗ ಟೀಚರು ತಾಳ್ಮೆಗೆಟ್ಟು ಪರಿಹಾರ ಹೇಳಿಬಿಟ್ಟರೆ ಮಕ್ಕಳು ಗೆರಟೆ ದಾಟಿಸುವುದನ್ನಷ್ಟೇ ಕಲಿಯುತ್ತಾರೆ.

ಸಭೆಗೂ ನಮ್ಮ ನೆಲಕ್ಕೂ ಒಂದು ವಿಶೇಷ ಸಂಬಂಧವಿದೆ. ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಹೇಳಿಕೊಳ್ಳುವ ನಾವು, ಅದು ಒಂದನೇ ತರಗತಿಯ ಬೆಂಚಿನ ಮೇಲೆ ಏನು ಮಾಡುತ್ತದೆ ಎಂದು ನೋಡುವುದು ಕಡಿಮೆ. ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಟಿ, ಹವ್ಯಕ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ. ಬಾಯಿ ಬಿಡದ ಮಗುವನ್ನು "ನಾಚಿಕೆ ಸ್ವಭಾವ" ಎಂದು ಬರೆದಿಡುತ್ತೇವೆ. ಎಷ್ಟೋ ಸಲ ಅದು ಸ್ವಭಾವ ಅಲ್ಲ, ಭಾಷೆ. ಆದ್ದರಿಂದ ಗೆರಟೆ ಹಿಡಿದವರು ಮನೆಮಾತಿನಲ್ಲೇ ಹೇಳಬಹುದು. ಆ ವಾರದ ದುಭಾಷಿ ಜೋಡಿ ಅದನ್ನು ಕನ್ನಡದಲ್ಲಿ ಹೇಳುತ್ತದೆ. ಜೋಡಿಗೆ ಆ ಭಾಷೆ ಬಾರದಿದ್ದರೆ ಬಲ್ಲ ಇನ್ನೊಬ್ಬರನ್ನು ಕರೆಯುವುದು ಅವರದ್ದೇ ಜವಾಬ್ದಾರಿ. ಅಂಕದಲ್ಲಿ ಹಿಂದಿರುವ, ಮೂರು ಭಾಷೆ ಸಲೀಸಾಗಿ ಬರುವ ಮಗು ಇಲ್ಲಿ ಮುಂದೆ ಬರುತ್ತದೆ. ಇದರಿಂದ ಕನ್ನಡ ಕೆಡುತ್ತದೆ ಎಂಬ ಹೆದರಿಕೆ ಬೇಡ, ಅರ್ಥವಾದದ್ದನ್ನು ಕನ್ನಡಕ್ಕೆ ತರುವಾಗಲೇ ಕನ್ನಡ ಗಟ್ಟಿಯಾಗುವುದು. ಹಾಗೆಯೇ ಮೂರು, ನಾಲ್ಕನೇ ತರಗತಿಯವರಿಗೆ ಬಸ್ಸಿನ ಮಲಯಾಳ ಹಲಗೆಯಲ್ಲಿ ತಮ್ಮೂರಿನ, ಕುಂಬಳೆಯ, ಕಾಸರಗೋಡಿನ ಹೆಸರು ಗುರುತಿಸುವುದನ್ನೂ ಕಲಿಸುತ್ತೇವೆ. ಬಸ್ಸು ತಪ್ಪಿದರೆ ಅಭಿಮಾನ ಮನೆಗೆ ಮುಟ್ಟಿಸುವುದಿಲ್ಲ.

ಭಾವನೆಗಳ ಪಾಠಕ್ಕೆ ಚಿತ್ರದ ಕಾರ್ಡುಗಳು ಬೇಕು. ನಮ್ಮ ಕಡೆಯ ಮಗುವಿಗೆ ಎಲ್ಲದಕ್ಕೂ ಒಂದೇ ಶಬ್ದ: ಬೇಜಾರು. ಆಟಕ್ಕೆ ಸೇರಿಸದಿದ್ದರೂ ಬೇಜಾರು, ಬೈಸಿಕೊಂಡರೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು. ಅದರೊಳಗಿರುವ ಸಿಟ್ಟು, ಹೆದರಿಕೆ, ನಾಚಿಕೆ, ಹೊಟ್ಟೆಕಿಚ್ಚು, ಒಂಟಿತನ ಇವುಗಳನ್ನು ಬೇರೆ ಮಾಡಿ ಹೆಸರಿಟ್ಟರೆ ಮಾತ್ರ ಏನು ಮಾಡಬೇಕೆಂದು ತಿಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಕಾರ್ಡುಗಳು ಹೆಚ್ಚಾಗಿ ಇಂಗ್ಲಿಷಿನವು, ಹಾಗಾಗಿ ನಾವೇ ಅಚ್ಚು ಹಾಕಿಸುತ್ತೇವೆ. ಸಿಟ್ಟಿಗೆ ಅಭ್ಯಾಸ: ಕೈ ಕೆಳಗೆ ಬಿಟ್ಟು, ಬಿಸಿ ಗಂಜಿ ಆರಿಸುವಂತೆ ಐದು ಸಲ ನಿಧಾನ ಊದುವುದು. ಇದನ್ನು ಸಿಟ್ಟು ಬಂದಾಗ ಕಲಿಸಲು ಹೋದರೆ ಆಗುವುದಿಲ್ಲ. ನಗುತ್ತಿರುವ ದಿನ ಹತ್ತು ಸಲ ಮಾಡಿಸಿದ್ದರೆ ಸಿಟ್ಟಿನ ದಿನ ಒಮ್ಮೆಯಾದರೂ ನೆನಪಿಗೆ ಬರುತ್ತದೆ.

ಸುರಕ್ಷತೆಯಲ್ಲಿ ಮಳೆಗಾಲದ ವಿಷಯ ಮೊದಲು. ಕೆಂಪುಕಲ್ಲು ತೆಗೆದು ಬಿಟ್ಟ ಕೋರೆಗಳು ಜೂನ್ ಕಳೆಯುವಾಗ ತುಂಬಿಕೊಳ್ಳುತ್ತವೆ. ಬದಿ ಗೋಡೆಯಂತೆ ಕಡಿದಿರುವುದರಿಂದ ಕಾಲಿಡಲು ಮೆಟ್ಟಿಲಿಲ್ಲ, ಆಳ ಕಾಣುವುದಿಲ್ಲ. ಒಬ್ಬ ಬಿದ್ದಾಗ ಹಾರುವ ಎರಡನೆಯವನೂ ಮುಳುಗುತ್ತಾನೆ. ಮಕ್ಕಳಿಗೆ ಕಲಿಸುವುದು ಮೂರೇ ಮಾತು: ನೀರಿಗೆ ಇಳಿಯಬೇಡ, ಬೊಬ್ಬೆ ಹಾಕು, ಹಗ್ಗ ಎಸೆ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನಿಗೆ ಹತ್ತು ಮೀಟರ್ ನೈಲಾನ್ ಹಗ್ಗ ಕಟ್ಟಿ ಮೈದಾನದಲ್ಲಿ ಎಸೆದು ಅಭ್ಯಾಸ ಮಾಡಿಸುತ್ತೇವೆ. ಕ್ಯಾನಿನೊಳಗೆ ಒಂದು ಲೋಟ ನೀರಿರಬೇಕು, ತೀರಾ ಹಗುರವಾದರೆ ಗಾಳಿಗೆ ಅಡ್ಡ ಹೋಗುತ್ತದೆ. ಹಗ್ಗದ ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಳ್ಳಬಾರದು; ಎಳೆಯುವಾಗ ನೆಲದ ಮೇಲೆ ಕೂತೇ ಎಳೆಯಬೇಕು.

ಮೈಮುಟ್ಟುವ ವಿಷಯದಲ್ಲಿ ದೊಡ್ಡವರ ಎರಡು ಮಾತು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ: "ದೊಡ್ಡವರು ಹೇಳಿದಂತೆ ಕೇಳು" ಮತ್ತು "ಬೇಡ ಎನ್ನಲು ಕಲಿ". ಇದಕ್ಕಾಗಿ ಮೊದಲು ಹೆತ್ತವರನ್ನೇ ಕೂರಿಸಿ ಮಾತನಾಡುತ್ತೇವೆ. ಮಗು ಐದು ಬೆರಳಿಗೆ ಐದು ನಂಬಿಕೆಯ ದೊಡ್ಡವರ ಹೆಸರು ಹೇಳಬೇಕು, ಒಬ್ಬರಾದರೂ ಮನೆಯ ಹೊರಗಿನವರಾಗಿರಬೇಕು. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆ ಬಾಯಿಪಾಠವಾಗಿರಬೇಕು.

ಮೂರು, ನಾಲ್ಕನೆಯವರಿಗೆ ಪೇಟೆಗೆ ಭೇಟಿ ಇದೆ. ನಾಲ್ವರ ಗುಂಪಿಗೆ 200 ರೂಪಾಯಿ, ಮೊದಲೇ ಬರೆದ ಪಟ್ಟಿ, ಬಂದ ಚಿಲ್ಲರೆಯ ಲೆಕ್ಕ. ಪಟ್ಟಿ ಇಲ್ಲದೆ ಹೋದರೆ ಹಣ ಮಿಠಾಯಿ ಭರಣಿಯ ಹತ್ತಿರವೇ ಮುಗಿಯುತ್ತದೆ. ಅಂಗಡಿಯವರಿಗೂ ಹಿಂದಿನ ದಿನ ಹೇಳಿ ಬರಬೇಕು, ಇಲ್ಲದಿದ್ದರೆ ಅವರು ಮಗುವಿನ ತಲೆಯ ಮೇಲಿಂದ ಟೀಚರ ಹತ್ತಿರವೇ ಮಾತನಾಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪಟ್ಟಿ ಮಾಡಿದ ಹತ್ತು ಬದುಕಿನ ಕೌಶಲ್ಯಗಳು, ಅಂದರೆ ನಿರ್ಧಾರ ಮಾಡುವುದು, ಸಮಸ್ಯೆ ಬಿಡಿಸುವುದು, ಇನ್ನೊಬ್ಬರ ಕಷ್ಟ ತಿಳಿಯುವುದು ಮುಂತಾದವು, ಮೇಲಿನ ಕೆಲಸಗಳಲ್ಲೇ ಹಂಚಿಹೋಗಿವೆ. ಅವುಗಳನ್ನು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿಸುವ ಯೋಚನೆ ನಮಗಿಲ್ಲ.

ಈಗ ಲೆಕ್ಕ. ದೊಡ್ಡ ಪಾಲು ಚಟುವಟಿಕೆ ಶಿಕ್ಷಕಿಯ ಗೌರವಧನ: ವಾರಕ್ಕೆ ಎರಡು ದಿನ, ದಿನಕ್ಕೆ 600ರಂತೆ 30 ವಾರಕ್ಕೆ 36,000. ಇದೇ ಕಡಿಮೆ ಮಾಡಬಹುದಾದ ಖರ್ಚು ಎಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ತರಗತಿಯ ಟೀಚರು ಪಾಠ, ಕಡತ, ಊಟದ ಉಸ್ತುವಾರಿಯ ನಡುವೆ ನಿಂತು ನೋಡಿ ಬರೆದಿಡಲಾರರು. ನೋಡುವವರಿಲ್ಲದೆ ಹಲಗೆ ಆಗಸ್ಟಿನೊಳಗೆ ಗೋಡೆಯ ಅಲಂಕಾರವಾಗುತ್ತದೆ. ಬೇಸಗೆ ರಜೆಯಲ್ಲಿ ಎಂಟು ಜನರಿಗೆ ಎರಡು ದಿನದ ತರಬೇತಿ, ಊಟ 2,400 ಮತ್ತು ಇಬ್ಬರು ತರಬೇತುದಾರರಿಗೆ 5,000, ಒಟ್ಟು 7,400. ಪೇಟೆ ಭೇಟಿಗೆ ಎರಡು ಸಲದ ವಾಹನ ಬಾಡಿಗೆ 4,400, ಎಂಟು ಗುಂಪಿನ ಖರೀದಿಗೆ 1,600. ಹೆತ್ತವರ ನಾಲ್ಕು ಸಭೆಗೆ ಚಾ ತಿಂಡಿ 4,000. ಪ್ರತಿ ಮಗುವಿಗೆ "ನನ್ನ ವಾರ" ಪುಸ್ತಕ 50ರಂತೆ 3,200, ನಾಲ್ಕು ಸಭಾ ದಾಖಲೆ ಪುಸ್ತಕಕ್ಕೆ 640. ಹಲಗೆ ನಾಲ್ಕು, 900ರಂತೆ 3,600. ಕೈಗುದ್ದಲಿ 16ಕ್ಕೆ 1,920, ನೀರು ಹಾಕುವ ಕ್ಯಾನ್ ಎಂಟಕ್ಕೆ 1,440. ತಕ್ಕಡಿ ತೂಕದ ಕಲ್ಲುಗಳಿರುವ ಅಂಗಡಿ ಆಟದ ಎರಡು ಜೊತೆಗೆ 2,900. ಭಾವನೆಯ ಕಾರ್ಡು 16 ಕಟ್ಟಿಗೆ 2,400. ಪ್ರಥಮ ಚಿಕಿತ್ಸೆಯ ನಾಲ್ಕು ಪೆಟ್ಟಿಗೆಗೆ 1,800, ಹಗ್ಗಕ್ಕೆ 600. ಕೂಡಿದರೆ 71,900, ರಸೀದಿ ಪುಸ್ತಕಕ್ಕೆ 100 ಸೇರಿಸಿ 72,000. ಒಂದು ಮಗುವಿನ ಪಾಲು 1,125 ರೂಪಾಯಿ.

1,125 ಕೊಟ್ಟವರು ಒಂದು ಮಗುವಿನ ಒಂದು ವರ್ಷವನ್ನು ವಹಿಸಿಕೊಂಡಂತೆ; 900 ಒಂದು ಹಲಗೆ, 150 ಒಂದು ಹಗ್ಗ. ಐವತ್ತು ನೂರಕ್ಕೂ ರಸೀದಿ ಕೊಡುತ್ತೇವೆ. ಮುಂಬಯಿ, ಬೆಂಗಳೂರು, ಗಲ್ಫ್‌ನಲ್ಲಿರುವ ಹಳೆ ವಿದ್ಯಾರ್ಥಿಗಳು ಶಾಲೆಯ ಪಿ.ಟಿ.ಎ. (ಹೆತ್ತವರ ಮತ್ತು ಶಿಕ್ಷಕರ ಸಂಘ) ಖಾತೆಗೇ ಹಣ ಕಳಿಸಬೇಕು, ಯಾರ ಸ್ವಂತ ಖಾತೆಗೂ ಬೇಡ. ಖಾತೆಯ ವಿವರ ಶಾಲಾ ಕಚೇರಿಯಲ್ಲಿ ಸಿಗುತ್ತದೆ. ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ, ವಾರ್ಷಿಕ ಪರೀಕ್ಷೆ ಈ ಮೂರರ ಮೊದಲೂ ಜಮಾಖರ್ಚನ್ನು ಸೂಚನಾ ಫಲಕಕ್ಕೆ ಹಾಕಿ ದಾನಿಗಳಿಗೂ ಕಳಿಸುತ್ತೇವೆ. ಯಾವ ಮಗುವಿನ ಪಾಲನ್ನು ಯಾರು ಕೊಟ್ಟರು ಎಂದು ಮಕ್ಕಳಿಗೆ ತಿಳಿಸುವುದಿಲ್ಲ. ದಾನಿಗಳಿಗೆ ಮಕ್ಕಳ ಕೈಯಲ್ಲಿ ಹೂಗುಚ್ಛ ಕೊಡಿಸಿ ಫೋಟೊ ತೆಗೆಸುವ ಕ್ರಮವೂ ಇಲ್ಲ. ನೋಡಬೇಕೆನಿಸಿದರೆ ಗುರುವಾರ ಕೊನೆಯ ಪೀರಿಯಡಿಗೆ ಬನ್ನಿ, ವೃತ್ತದ ಹೊರಗೆ ಕುರ್ಚಿ ಇರುತ್ತದೆ. ಗೆರಟೆ ನಿಮ್ಮ ಕೈಗೆ ಬರುವುದಿಲ್ಲ.

ಹಣದ ಬದಲು ವಸ್ತು ಕೊಡುವವರು ಮುಚ್ಚಳವಿರುವ ಐದು ಲೀಟರಿನ ಖಾಲಿ ಕ್ಯಾನು, ನೇರ ಬದಿಯ ಎರಡು ಲೀಟರಿನ ಬಾಟಲಿ, ಕೆರೆದು ನಯ ಮಾಡಿದ ಗೆರಟೆ ತಂದುಕೊಡಬಹುದು. ಕೀಟನಾಶಕ, ಆಸಿಡ್ ತುಂಬಿಸಿದ್ದ ಕ್ಯಾನು ಎಷ್ಟು ತೊಳೆದಿದ್ದರೂ ಬೇಡ. ಹಳೆಯ ಹಗ್ಗವೂ ಬೇಡ, ಬಿಸಿಲಿಗೆ ಒಣಗಿದ ನೈಲಾನ್ ನೋಡಲು ಗಟ್ಟಿಯಾಗಿ ಕಂಡರೂ ಎಳೆದಾಗ ತುಂಡಾಗುತ್ತದೆ. ಹಲಗೆಯ ಕೆಲಸವನ್ನು ಬಡಗಿಗೆ ಮೇ 10ರೊಳಗೆ ಒಪ್ಪಿಸಬೇಕಾಗಿರುವುದರಿಂದ ಮೊದಲ ಕಂತಿನ ದೇಣಿಗೆ ಏಪ್ರಿಲ್ ಕೊನೆಯೊಳಗೆ ಮುಟ್ಟಿದರೆ ಅನುಕೂಲ. ರಜೆಯಲ್ಲೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 10ರಿಂದ 1ರ ತನಕ ಕಚೇರಿ ತೆರೆದಿರುತ್ತದೆ.

ಶಾಲಾ ಪಿ.ಟಿ.ಎ. ಮತ್ತು ಹಳೆ ವಿದ್ಯಾರ್ಥಿ ಸಂಘದ ಪರವಾಗಿ