ಲಾಲ್‌ಬಾಗ್ ಪಕ್ಕದಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಲಾಲ್‌ಬಾಗ್ ಹೇಗಿದೆ ಅಂತ ಕೇಳಿದ್ದೆಯಲ್ಲ. ಚೆನ್ನಾಗಿದೆ ಕಣೋ. ಬಂಡೆಯ ಮೇಲೆ ಈಗಲೂ ಜೋಡಿಗಳು ಕೂತಿರುತ್ತವೆ. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ಇವರ ಜಗಳವನ್ನೂ ತಡೆದುಕೊಳ್ಳುತ್ತದೆ. ನಮ್ಮ 'ಕಡಲೆಕಾಯಿ ಒಪ್ಪಂದ' ಆದ ಜಾಗ ಹಾಗೇ ಇದೆ.

ನಿನ್ನೆ ಸಂಜೆ ದೊಡ್ಡ ಬೂರುಗದ ಮರದ ಹತ್ತಿರ ನಿಂತಿದ್ದೆ. ಬೇರುಗಳು ಆಳೆತ್ತರದ ಗೋಡೆಗಳ ಹಾಗೆ ನೆಲದಿಂದ ಎದ್ದಿವೆಯಲ್ಲ, ಆ ಸಂದಿಯಿಂದ ಒಬ್ಬ ಮಾಲಿ ತರಗೆಲೆ ಗುಡಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದರು. ಒಂದು ಕಾಲಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದು, ಎರಡೂ ಕೈಯಲ್ಲಿ ಎಲೆ ಒತ್ತಿ ಒತ್ತಿ. ಮಾತಿಗೆ ಸಿಕ್ಕರು. ಅವರ ಅಜ್ಜನೂ ಇಲ್ಲೇ ಕೆಲಸ ಮಾಡಿದವರಂತೆ. ಆಗ ಮನೆ ಸಿದ್ದಾಪುರದಲ್ಲಿ, ನಡೆದರೆ ತೋಟ. ಈಗ ಕೆಂಗೇರಿ ಆಚೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ.

ಆಮೇಲೆ ಅದೇ ತಲೆಯಲ್ಲಿ ಕೂತುಬಿಟ್ಟಿತು. 1760ರಲ್ಲಿ ಹೈದರಾಲಿ ಮಾವಳ್ಳಿಯ ಮಗ್ಗುಲಲ್ಲಿ ಶುರು ಮಾಡಿದ ತೋಟ ಈಗ 240 ಎಕರೆ. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಇದೆ. ಊರಲ್ಲಿ ವರ್ಷವಿಡೀ ಒಂದಲ್ಲ ಒಂದು ಬೀದಿ ಹೂ ಬಿಟ್ಟಿರಲಿ ಅಂತ ಮರ ಆರಿಸಿ ನೆಡಿಸಿದ ಜರ್ಮನಿಯ ಕ್ರುಂಬಿಗಲ್ ಹೆಸರು ರಸ್ತೆಗಿದೆ. ಅದು ಸರಿಯೇ, ಇರಬೇಕು. ಆದರೆ ಗುಂಡಿ ತೋಡಿದವರು, ಕಸಿ ಕಟ್ಟಿದವರು, ನೀರು ಹೊತ್ತವರು? ಅವರಲ್ಲಿ ಎಷ್ಟೋ ಜನ ಸುತ್ತಮುತ್ತಲಿನ ತಿಗಳರು, ತೋಟಗಾರಿಕೆಯನ್ನೇ ಕಸುಬಾಗಿಸಿಕೊಂಡ ಸಮುದಾಯದವರು. ಸಿದ್ದಾಪುರದ ನರ್ಸರಿಗಳಿಗೂ ಅವರ ಕೈಗುಣವೇ ಬೇರು. ತೋಟದ ಬೇಲಿಯನ್ನು ಕಾಯಲು ಜನ ಬೀದಿಗಿಳಿಯುತ್ತಾರೆ, ನಾನೂ ಇಳಿದಿದ್ದೇನೆ. ಬೇಲಿಯ ಆಚೆ ಇದ್ದವರು ಒಬ್ಬೊಬ್ಬರಾಗಿ ಊರಾಚೆ ಹೋಗುವಾಗ ಯಾರೂ ಬೋರ್ಡ್ ಹಿಡಿದು ನಿಲ್ಲುವುದಿಲ್ಲ.

ಇದನ್ನು ಇಷ್ಟು ಬಿಸಿಯಾಗಿ ಬರೆಯೋದಕ್ಕೆ ಕಾರಣ ಇದೆ. ನಮ್ಮ ಮಾವಳ್ಳಿ ಮನೆಯನ್ನು ಓನರ್ ಕೆಡವಿಸುತ್ತಿದ್ದಾರೆ. ಯುಗಾದಿಯೊಳಗೆ ಖಾಲಿ ಮಾಡಬೇಕು. ಈ ಕಡೆಯ ಬಾಡಿಗೆ ನಮ್ಮ ಕೈಗೆ ಎಟಕುವುದಿಲ್ಲ. ಬೇಗೂರು ಕಡೆ ಒಂದು ಮನೆ ನೋಡಿದ್ದೇನೆ, ಅಮ್ಮನಿಗೆ ಇನ್ನೂ ಹೇಳಿಲ್ಲ. ದಿನಾ ಬೆಳಿಗ್ಗೆ ಅವರು ಲಾಲ್‌ಬಾಗ್‌ಗೆ ಹೋಗಿ ಗೆಳತಿಯರ ಜೊತೆ ಒಂದು ಸುತ್ತು ಹಾಕಿ ಬರುತ್ತಾರೆ. ಅಪ್ಪ ಹೋದ ಮೇಲೆ ಅವರನ್ನು ಎಬ್ಬಿಸಿ ನಿಲ್ಲಿಸಿದ್ದೇ ಆ ಸುತ್ತು. ಬೇಗೂರಿನಲ್ಲಿ ಬೆಳಿಗ್ಗೆ ಎದ್ದು ಅವರು ಎಲ್ಲಿಗೆ ಹೋಗಬೇಕು, ಹೇಳು? ಇನ್ನೊಂದು ಮಾತು. ನೀನು ಊರು ಬಿಟ್ಟಾಗ ನನಗೆ ತುಂಬಾ ಸಿಟ್ಟು ಬಂದಿತ್ತು. ಹೇಳಿರಲಿಲ್ಲ. ಈಗ ಆ ಸಿಟ್ಟಿಲ್ಲ. ನೀನು ಇಲ್ಲೇ ಇರಬೇಕಿತ್ತು ಅನ್ನಿಸುತ್ತದೆ, ಅಷ್ಟೆ.

ಸಾಕು ಬಿಡು, ಎಲ್ಲರೂ ಓದುವ ಕಡೆ ಜಾಸ್ತಿಯೇ ಆಯಿತು. ಅವರೆಕಾಯಿ ಕಾಲಕ್ಕೆ ಬಾ. ಜನವರಿಯ ಫ್ಲವರ್ ಶೋ ನೂಕುನುಗ್ಗಲಲ್ಲಿ ಅಮ್ಮನ ಕೈ ಹಿಡಿದುಕೊಳ್ಳಲು ಒಬ್ಬರು ಬೇಕು. ಎಂಟಿಆರ್‌ನಲ್ಲಿ ಕ್ಯೂ ನಿಲ್ಲೋ ಕೆಲಸ ನಂದು, ಬಿಲ್ಲು ನಿಂದು. ಆ ಕೆಂಪು ಛತ್ರಿ ಮಾತ್ರ ತರಬೇಡ ಮಾರಾಯ.

ನಿನ್ನ,
ಮಾವಳ್ಳಿಯವನು