ಮಗಳಿಗೊಂದು ಪತ್ರ: ದಿನಾ ಕಿವಿಗೊಡುವ ದನಿಗಳು

ಪ್ರೀತಿಯ ಪುಟ್ಟಿಗೆ,

ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಕೇಳಲು ಒಳ್ಳೆಯ ಪಾಡ್‌ಕಾಸ್ಟ್ ಯಾವುದಿದೆ ಹೇಳಮ್ಮಾ ಅಂದಿದ್ದೆಯಲ್ಲ. ಹೆಸರುಗಳನ್ನಷ್ಟೇ ಮೆಸೇಜ್ ಮಾಡಬಹುದಿತ್ತು. ಆದರೆ ಯಾವುದನ್ನು ಯಾಕೆ ಕೇಳಬೇಕು, ಯಾವ ಹೊತ್ತಿಗೆ ಯಾವುದು ಹೊಂದುತ್ತದೆ ಅಂತ ಹೇಳದೆ ಪಟ್ಟಿ ಕೊಟ್ಟರೆ ಎರಡು ದಿನ ಕೇಳಿ ಬಿಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ವಿಷಯ ನೋಡಿ ಪಾಡ್‌ಕಾಸ್ಟ್ ಆರಿಸುವವಳಲ್ಲ. ನಡೆಸಿಕೊಡುವವರು ಪ್ರಶ್ನೆ ಹೇಗೆ ಹಾಕುತ್ತಾರೆ, ಉತ್ತರ ಬರುವಾಗ ಎಷ್ಟು ತಾಳ್ಮೆಯಿಂದ ಸುಮ್ಮನಿರುತ್ತಾರೆ ಅನ್ನುವುದನ್ನು ನೋಡುತ್ತೇನೆ. ದಿನಕ್ಕೊಂದು ಗಂಟೆ ಯಾರದೋ ದನಿ ಕಿವಿಯೊಳಗೇ ಕೂತು ಮಾತಾಡಿದರೆ ಆ ಮಾತಿನ ಧಾಟಿ ನಮಗೂ ಅಂಟುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರು ತುಂಡರಿಸಿ ಅರಚುವ ಚರ್ಚೆಗಳನ್ನೇ ಕೇಳುತ್ತಿದ್ದರೆ, ಮನೆಯವರ ಜೊತೆಗೂ ಹಾಗೆಯೇ ಮಾತಾಡತೊಡಗುತ್ತೇವೆ. ತಿಳಿವಳಿಕೆ ಪುಸ್ತಕದಿಂದಲೂ ಬಂದೀತು ಪುಟ್ಟಿ. ಇಬ್ಬರು ಕೂತು ಸಮಾಧಾನದಿಂದ ಯೋಚಿಸುವುದು ಹೇಗಿರುತ್ತದೆ ಅನ್ನುವುದು ಮಾತ್ರ ಕಿವಿಯಿಂದಲೇ ಬರಬೇಕು.

ಆ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮೇಲಿನದು ಬಿಬಿಸಿ ರೇಡಿಯೊ 4ರ ‘ಇನ್ ಅವರ್ ಟೈಮ್’. 1998ರಲ್ಲಿ ಶುರುವಾದ ಕಾರ್ಯಕ್ರಮ. 2025ರವರೆಗೂ ಮೆಲ್ವಿನ್ ಬ್ರ್ಯಾಗ್ ಅವರೇ ನಡೆಸಿದರು. ಒಂದು ವಿಷಯ, ಮೂವರು ಪ್ರಾಧ್ಯಾಪಕರು, ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಹಿನ್ನೆಲೆ ಸಂಗೀತವಿಲ್ಲ, ಥಳುಕಿಲ್ಲ. ಒಂದು ವಾರ ಕಪ್ಪುಕುಳಿ, ಇನ್ನೊಂದು ವಾರ ಯಾವುದೋ ಹಳೆಯ ಸಾಮ್ರಾಜ್ಯ, ಮತ್ತೊಂದು ವಾರ ಒಬ್ಬ ಕವಿ. ಬ್ರ್ಯಾಗ್ ಅವರ ರೀತಿ ನೋಡು: ಪರಿಣತರು ಒಳಗಿನವರ ಭಾಷೆಯಲ್ಲಿ ಬಿರುಸಾಗಿ ಹೊರಟರೆ ಅಲ್ಲೇ ತಡೆಯುತ್ತಾರೆ, ಬುಡದಿಂದ ಹೇಳಿಸುತ್ತಾರೆ. ತನಗೆ ಅರ್ಥವಾಗಿಲ್ಲ ಅನ್ನುವುದಕ್ಕೆ ಅವರಿಗೆ ಎಳ್ಳಷ್ಟೂ ಸಂಕೋಚವಿಲ್ಲ. ಪಾಡ್‌ಕಾಸ್ಟ್‌ನಲ್ಲಿ ರೇಡಿಯೊ ಅವಧಿ ಮುಗಿದ ಮೇಲೂ ಮಾತು ಸ್ವಲ್ಪ ಹೊತ್ತು ಮುಂದುವರಿಯುತ್ತದೆ. ಏನೇನು ಬಿಟ್ಟುಹೋಯಿತು ಅಂತ ಅವರು ಕೇಳುತ್ತಾರೆ, ಮೂವರೂ ಹೇಳಬೇಕೆಂದು ಇಟ್ಟುಕೊಂಡು ಹೇಳಲಾಗದೆ ಉಳಿದದ್ದನ್ನು ಹೇಳುತ್ತಾರೆ. ಆಮೇಲೆ ನಿರ್ಮಾಪಕರು ಒಳಗೆ ಬಂದು ಟೀ ಬೇಕಾ, ಕಾಫಿ ಬೇಕಾ ಅಂತ ವಿಚಾರಿಸುತ್ತಾರೆ. ಆ ಕೊನೆಯ ಕೆಲವು ನಿಮಿಷ ತಪ್ಪಿಸಬೇಡ. ಇಡೀ ಬದುಕನ್ನೇ ಒಂದು ವಿಷಯಕ್ಕೆ ಕೊಟ್ಟವರಿಗೂ ಮುಕ್ಕಾಲು ಗಂಟೆ ಸಾಲುವುದಿಲ್ಲ ಅನ್ನುವುದು ಅಲ್ಲಿ ಕಿವಿಗೇ ಗೊತ್ತಾಗುತ್ತದೆ.

ಅಷ್ಟು ಹೊತ್ತು ಒಟ್ಟಿಗೆ ಸಿಗದ ದಿನಕ್ಕೆ ‘ಎ ಹಿಸ್ಟರಿ ಆಫ್ ದ ವರ್ಲ್ಡ್ ಇನ್ 100 ಆಬ್ಜೆಕ್ಟ್ಸ್’ ಇಟ್ಟುಕೋ. 2010ರಲ್ಲಿ ಬಿಬಿಸಿ ಮತ್ತು ಬ್ರಿಟಿಷ್ ಮ್ಯೂಸಿಯಂ ಸೇರಿ ಮಾಡಿದ್ದು. ಆಗ ಆ ಮ್ಯೂಸಿಯಂನ ನಿರ್ದೇಶಕರಾಗಿದ್ದ ನೀಲ್ ಮ್ಯಾಕ್‌ಗ್ರೆಗರ್ ಕಂತಿಗೊಂದು ವಸ್ತು ಹಿಡಿದು ಸುಮಾರು ಕಾಲು ಗಂಟೆ ಮಾತಾಡುತ್ತಾರೆ. ಈಜಿಪ್ಟಿನ ಮಮ್ಮಿಯಿಂದ ಶುರುವಾಗಿ, ಆಫ್ರಿಕಾದ ಓಲ್ಡುವಾಯ್ ಕಮರಿಯ ಕಲ್ಲಿನ ಆಯುಧವನ್ನು ಹಾದು, ಸೌರದೀಪದಲ್ಲಿ ಮುಗಿಯುತ್ತದೆ. ಕಣ್ಣಿಗೆ ಕಾಣದ್ದನ್ನು ಬರೀ ಮಾತಿನಲ್ಲಿ ತೋರಿಸಬೇಕಲ್ಲ, ಹಾಗಾಗಿ ವಸ್ತುವಿನ ಗಾತ್ರ, ತೂಕ, ಸವೆತ ಎಲ್ಲವನ್ನೂ ನಿಧಾನವಾಗಿ ಹೇಳುತ್ತಾರೆ. 13ನೆಯ ಕಂತು ಸಿಂಧೂ ಕಣಿವೆಯ ಮುದ್ರೆಯದು. ಅದರ ಮೇಲಿನ ಲಿಪಿಯನ್ನು ಇಂದಿಗೂ ಯಾರೂ ಒಮ್ಮತದಿಂದ ಓದಿಲ್ಲ. ಗೊತ್ತಿಲ್ಲದ್ದರ ಅಂಚಿನವರೆಗೆ ಕರೆದುಕೊಂಡು ಹೋಗಿ ಅಲ್ಲೇ ನಿಲ್ಲುವ ಇಂಥ ಕಂತುಗಳು ನನಗೆ ತುಂಬಾ ಇಷ್ಟ. ನಾಲ್ಕು ಊಹೆ ಸೇರಿಸಿ ರೋಚಕ ಮಾಡುವುದು ಸುಲಭವಿತ್ತು, ಅವರು ಹಾಗೆ ಮಾಡಲಿಲ್ಲ.

ನಡೆದುಕೊಂಡು ಹೋಗುವಾಗ ಮಾತ್ರ ರೋಮನ್ ಮಾರ್ಸ್ ನಡೆಸುವ ‘99% ಇನ್ವಿಸಿಬಲ್’ ಹಾಕಿಕೋ. 2010ರಿಂದ ಬರುತ್ತಿದೆ. ನಾವು ನೋಡಿಯೂ ನೋಡದ ವಿನ್ಯಾಸಗಳ ಬಗ್ಗೆ. ಅದರಲ್ಲಿ ‘ಕರ್ಬ್ ಕಟ್ಸ್’ ಅನ್ನುವ 2018ರ ಕಂತನ್ನು ಹುಡುಕು. ಫುಟ್‌ಪಾತ್ ಮುಗಿದು ರಸ್ತೆ ಶುರುವಾಗುವಲ್ಲಿ ಮೆಟ್ಟಿಲಿನ ಬದಲು ಸಣ್ಣ ಇಳಿಜಾರು ಇರುತ್ತದಲ್ಲ, ಅದರ ಕತೆ. 14ನೆಯ ವಯಸ್ಸಿಗೆ ಪೋಲಿಯೊದಿಂದ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡ ಎಡ್ ರಾಬರ್ಟ್ಸ್ 1962ರಲ್ಲಿ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಸೇರಿದರು. ಉಸಿರಾಡಲು ಯಂತ್ರ ಬೇಕಿದ್ದವರು. ಅವರೂ ಅವರ ಜೊತೆಗಾರರೂ ಹೋರಾಡಿ ಗಾಲಿಕುರ್ಚಿಗೆ ದಾರಿ ಮಾಡಿಸಿಕೊಂಡರು. ಅವರಿಗೆಂದು ಆದ ಇಳಿಜಾರಿನಲ್ಲಿ ಈಗ ಮಗುವಿನ ತಳ್ಳುಗಾಡಿ ಹೋಗುತ್ತದೆ, ಗಾಲಿ ಸೂಟ್‌ಕೇಸ್ ಹೋಗುತ್ತದೆ, ಮಂಡಿನೋವಿನವರು ಹೋಗುತ್ತಾರೆ. ಅದನ್ನು ಕೇಳಿದ ಮೇಲೆ ನನಗೆ ರಸ್ತೆಯ ಒಂದೊಂದು ಮೂಲೆಯೂ ಯಾರನ್ನು ನೆನೆದು ಕಟ್ಟಿದ್ದು, ಯಾರನ್ನು ಮರೆತು ಕಟ್ಟಿದ್ದು ಅಂತ ಕಾಣತೊಡಗಿತು.

ಹಾಡಿನ ಹುಚ್ಚಿರುವ ನಿನಗೆ ಹೃಷಿಕೇಶ್ ಹಿರ್ವೆ 2014ರಲ್ಲಿ ಶುರು ಮಾಡಿದ ‘ಸಾಂಗ್ ಎಕ್ಸ್‌ಪ್ಲೋಡರ್’ ಹಿಡಿಸಿಯೇ ಹಿಡಿಸುತ್ತದೆ. ಸಂಗೀತಗಾರರು ತಮ್ಮದೇ ಹಾಡನ್ನು ಬಿಚ್ಚಿ, ಡ್ರಮ್ ಇದು, ಬೇಸ್ ಇದು, ಬರೀ ದನಿ ಇದು ಅಂತ ಒಂದೊಂದೇ ಕೇಳಿಸುತ್ತಾರೆ. ಕೊನೆಗೆ ಇಡೀ ಹಾಡು. ಹಿರ್ವೆ ಪ್ರಶ್ನೆ ಕೇಳಿರುತ್ತಾರೆ, ಆದರೆ ಸಂಕಲನದಲ್ಲಿ ತಮ್ಮ ದನಿಯನ್ನು ತೆಗೆದುಬಿಡುತ್ತಾರೆ. ಪ್ರಶ್ನೆ ಕೇಳಿಸುವುದಿಲ್ಲ, ಉತ್ತರದಲ್ಲಿ ಅದರ ಹದ ಗೊತ್ತಾಗುತ್ತದೆ. ಕನ್ನಡದಲ್ಲಿ ಪವನ್ ಶ್ರೀನಾಥ್ ಮತ್ತು ಗಣೇಶ್ ಚಕ್ರವರ್ತಿ ಅವರ ‘ತಲೆ-ಹರಟೆ’ ಕೇಳು. 2019ರಲ್ಲಿ ಆರಂಭವಾದದ್ದು. ವಿಜ್ಞಾನ, ಇತಿಹಾಸ, ಸಾರ್ವಜನಿಕ ನೀತಿಯಂಥವನ್ನೂ ನಾವು ಮಾತಾಡುವ ಕನ್ನಡದಲ್ಲೇ ಹರಟಬಹುದು ಅಂತ ತೋರಿಸಿದವರು. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷಿನಲ್ಲೇ ಯೋಚಿಸುವವರಿಗೆ ಅದು ಬೇಕು.

ಅಪರಾಧದ ಕತೆಗಳ ಬಗ್ಗೆ ಒಂದು ಮಾತು. 2014ರಲ್ಲಿ ಬಂದ ‘ಸೀರಿಯಲ್’ ಅನ್ನುವ ಪಾಡ್‌ಕಾಸ್ಟಿನ ಮೊದಲ ಸರಣಿ 12 ಕಂತುಗಳದು. 1999ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆದ ಒಬ್ಬ ವಿದ್ಯಾರ್ಥಿನಿಯ ಕೊಲೆಯನ್ನು ಸಾರಾ ಕೇನಿಗ್ ಕೆದಕುತ್ತಾ ಹೋಗುತ್ತಾರೆ, ತಮ್ಮ ಅನುಮಾನಗಳನ್ನೂ ಮುಚ್ಚಿಡುವುದಿಲ್ಲ. ಅದಕ್ಕೆ ಪ್ರಸಾರ ಮಾಧ್ಯಮಗಳಿಗೆ ಕೊಡುವ ಪೀಬಡಿ ಪ್ರಶಸ್ತಿಯೂ ಬಂತು. ಕೇಳು, ಬೇಡ ಅನ್ನುವುದಿಲ್ಲ. ಆದರೆ ಅದರ ಹಿಂದೆ ಬಂದ ನೂರಾರು ಕೊಲೆ ಕತೆಗಳಲ್ಲಿ ಸತ್ತ ಹುಡುಗಿ ಒಂದು ಹೆಸರಾಗಿ ಉಳಿದು, ಕೊಂದವನೇ ನಾಯಕನಾಗುತ್ತಾನೆ. ಅಂಥದ್ದನ್ನು ನೀನು ಮಲಗುವ ಹೊತ್ತಿಗೆ ಕೇಳುವುದು ನನಗೆ ಖಂಡಿತ ಇಷ್ಟವಿಲ್ಲ.

ಇನ್ನೊಂದು, ಜಾಹೀರಾತು. ನಡೆಸಿಕೊಡುವವರೇ ಅದೇ ದನಿಯಲ್ಲಿ, ಅದೇ ಸಲಿಗೆಯಲ್ಲಿ ಯಾವುದೋ ಹಾಸಿಗೆಯನ್ನೋ ಹೂಡಿಕೆಯನ್ನೋ ಹೊಗಳುತ್ತಾರೆ. ತಿಂಗಳುಗಟ್ಟಲೆ ಕೇಳಿ ನಂಟು ಬೆಳೆದಿರುತ್ತದೆ, ನಂಬಿಕೆ ತಾನಾಗಿ ಬರುತ್ತದೆ. ಇತಿಹಾಸ ಚೆನ್ನಾಗಿ ಹೇಳುವವರು ಹಣದ ವಿಷಯದಲ್ಲೂ ಸರಿಯಾಗಿಯೇ ಹೇಳುತ್ತಾರೆ ಅಂತೇನಿಲ್ಲ. ದುಡ್ಡು, ಔಷಧಿ ಎರಡರಲ್ಲೂ ಆ ದನಿಯನ್ನು ಪಕ್ಕಕ್ಕಿಟ್ಟು ವಿಚಾರಿಸು.

ನೀನು ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತೀಯ. ಸುದ್ದಿಗೆ ಆದೀತು. ಆದರೆ ಒಬ್ಬರು ಉತ್ತರ ಕೊಡುವ ಮುಂಚೆ ತಡೆಯುವ ಎರಡು ಸೆಕೆಂಡಿನಲ್ಲೇ ಎಷ್ಟೋ ಇರುತ್ತದೆ. ಸಂದರ್ಶನವನ್ನು ಅವರ ವೇಗದಲ್ಲೇ ಕೇಳು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಕೇಳಿದ್ದು ತಲೆಯಲ್ಲಿ ನಿಲ್ಲುತ್ತದೆ. ಮೇಲ್ ಓದುತ್ತಾ ಕೇಳಿದರೆ ಎರಡೂ ಇಲ್ಲ, ಎರಡೂ ಮಾತೇ ಆದ್ದರಿಂದ ಒಂದರ ಮೇಲೊಂದು ಬೀಳುತ್ತವೆ. ರಸ್ತೆ ದಾಟುವಾಗ ಒಂದು ಕಿವಿಯಾದರೂ ಖಾಲಿ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ದನಿ ವಾರಕ್ಕೆ 40 ಗಂಟೆ ಮೀರಬಾರದು. ದನಿ ಏರಿದಷ್ಟೂ ಆ ಗಂಟೆ ಬೇಗಬೇಗ ಕರಗುತ್ತದೆ. ಗದ್ದಲದ ಬಸ್ಸಿನಲ್ಲಿ ವಾಲ್ಯೂಮ್ ಏರಿಸುವ ಬದಲು ಅವತ್ತಿಗೆ ನಿಲ್ಲಿಸಿಬಿಡು.

ಮೊದಲು ‘ಕರ್ಬ್ ಕಟ್ಸ್’, ಆಮೇಲೆ ಸಿಂಧೂ ಮುದ್ರೆ. ‘ಇನ್ ಅವರ್ ಟೈಮ್’ನಲ್ಲಿ ಸಾವಿರಕ್ಕೂ ಹೆಚ್ಚು ಕಂತುಗಳಿವೆ, ನಿನಗೆ ಏನೇನೂ ಗೊತ್ತಿಲ್ಲದ ವಿಷಯವನ್ನೇ ಆರಿಸು. ಹಿಡಿಸದಿದ್ದರೆ ಅರ್ಧಕ್ಕೇ ಬಿಡು, ಯಾಕೆ ಹಿಡಿಸಲಿಲ್ಲ ಅಂತ ಮಾತ್ರ ನನಗೆ ಬರಿ. ನಿನ್ನ ಸ್ನೇಹಿತರು ಕೇಳುವುದರಲ್ಲಿ ಚೆನ್ನಾಗಿರುವುದು ಏನಾದರೂ ಇದ್ದರೆ ಹೆಸರು ಕಳಿಸು, ಭಾನುವಾರ ಬಟ್ಟೆ ಇಸ್ತ್ರಿ ಮಾಡುವಾಗ ನಾನೂ ಕೇಳಿ ಹೇಳುತ್ತೇನೆ.

ಪ್ರೀತಿಯಿಂದ,
ನಿನ್ನ ಅಮ್ಮ